ಹೆಜ್ಜೆಗೂ ಹಾಜರಿಯೆ?

ನಡಿಗೆ ದೇಹಕ್ಕೆ ಹಿತವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಡೆದ ಹೆಜ್ಜೆಗಳ ಲೆಕ್ಕವನ್ನು ವಿಮೆಯವರಿಗೆ ಒಪ್ಪಿಸಬೇಕೆಂಬುದು ಯಾವ ನ್ಯಾಯ?

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯವು ಶಿಕ್ಷಕರೂ ಸೇರಿದಂತೆ ಸರಕಾರಿ ನೌಕರರ ಆರೋಗ್ಯವಿಮೆಗೆ ‘ಗೋ365’ ಎಂಬ ಆ್ಯಪನ್ನು ಜೋಡಿಸಹೊರಟಿತ್ತು. ಹೆಜ್ಜೆ ಮೊದಲಾದವನ್ನು ದಾಖಲಿಸಿ ಅಂಕ ಗಳಿಸದವರು ತಿಂಗಳಿಗೆ 25 ಡಾಲರ್ ಹೆಚ್ಚು ತೆರಬೇಕಿತ್ತು. ಶಿಕ್ಷಕರು ಸಿಡಿದೆದ್ದರು, ಯೋಜನೆ ರದ್ದಾಯಿತು. 2018ರ ಫೆಬ್ರವರಿಯಲ್ಲಿ ಅವರು ಹೂಡಿದ ಮುಷ್ಕರಕ್ಕೆ ಸಂಬಳದ ಜೊತೆಗೆ ಈ ಆಕ್ರೋಶವೂ ಕಾರಣವಾಗಿತ್ತು.

ದಂಡದ ಭಯವಿರುವಲ್ಲಿ ಸಮ್ಮತಿಗೆ ಅರ್ಥವಿಲ್ಲ. ಮೊಣಕಾಲು ನೋಯುವವರೂ ರೋಗಿಯ ಶುಶ್ರೂಷೆಯಲ್ಲಿ ಬಿಡುವಿಲ್ಲದವರೂ ಸೋಮಾರಿಗಳೆ? ಆರೋಗ್ಯವಂತರು ರೋಗಿಗಳ ಭಾರ ಹೊರುವುದೇ ವಿಮೆಯ ಧರ್ಮ. ಇಂಥ ಎಣಿಕೆ ಆ ಭಾರವನ್ನು ರೋಗಿಯ ಹೆಗಲಿಗೇ ಮರಳಿಸುತ್ತದೆ. ಶಾಲೆಯಲ್ಲಿ ಹಾಜರಿ ಹಾಕಿದ ಶಿಕ್ಷಕರು ಮನೆಗೆ ಬಂದ ಮೇಲೂ ತಮ್ಮ ಕಾಲುಗಳ ಹಾಜರಿ ಒಪ್ಪಿಸಬೇಕಿಲ್ಲ.