ಮುಂದಿನ ಆಕ್ಸಲ್ ಆಯಿಲ್ ನಾವೇ ಬದಲಿಸೋಣ

ಚಳ್ಳಕೆರೆ, ಮೊಳಕಾಲ್ಮುರು ಕಡೆಯೂ ಈಗ ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರ್ ಓಡಾಡುತ್ತಿವೆ. ಇಂಜಿನ್ ಆಯಿಲ್ ತಪ್ಪದೆ ಬದಲಿಸುತ್ತೇವೆ, ಮುಂದಿನ ಆಕ್ಸಲ್ ಆಯಿಲ್ ಮರೆತೇಬಿಡ್ತೀವಿ. ಗೇರ್ ಸವೆದ ಮೇಲೆ ದುಡ್ಡು ಸುರಿಯೋದಕ್ಕಿಂತ ಮನೆ ಮುಂದೆಯೇ ಬದಲಿಸೋದು ವಾಸಿ ಅಂತೀನಿ ನಾನು.

ಆದ್ರೆ ಮೊದಲು ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ, ಆಮೇಲೆ ಕೆಳಗಿನದು. ನಾನು ಉಲ್ಟಾ ಮಾಡಿದೆ. ಹಳೇ ಆಯಿಲ್ ಪೂರ್ತಿ ಇಳೀತು, ಮೇಲಿನ ಬೋಲ್ಟ್ ಜಾಮ್! ಶೇಂಗಾ ಬಿತ್ತನೆ ಹದದಲ್ಲಿ ಟ್ರ್ಯಾಕ್ಟರ್ ಎರಡು ದಿನ ನಿಂತಿತು.

ಸ್ವಲ್ಪ ಓಡಿಸಿ, ಆಯಿಲ್ ಬೆಚ್ಚಗಾದಾಗ ಇಳಿಸಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಸೀಲ್ ನೋಡಿಸಿ. ಲೋಹದ ಚೂರು ಕಂಡರೆ ಮೆಕ್ಯಾನಿಕ್ ಕರೆಸಿ. ಗ್ರೇಡ್, ಲೀಟರ್ ಎರಡೂ ಮ್ಯಾನ್ಯುಯಲ್ ಹೇಳಿದಂತೆಯೇ ಇರಲಿ. ಹಳೇ ಆಯಿಲ್ ಬದುವಿಗೆ ಸುರಿಯದೆ ಕ್ಯಾನಿನಲ್ಲಿ ತುಂಬಿ ಸರ್ವಿಸ್ ಸೆಂಟರ್‌ಗೆ ಕೊಡಿ.