ಆಂಪ್ ಕೊನೆಗೆ ತಗೊಳ್ಳೋಣ

ಕಳೆದ ವರ್ಷ, ನಾವಿನ್ನೂ ಫಸ್ಟ್ ಇಯರ್‌ನಲ್ಲಿದ್ದಾಗ, ಕಾಲೇಜಿನ ರಾಜ್ಯೋತ್ಸವ ಕಾರ್ಯಕ್ರಮದಲ್ಲಿ ನಮ್ಮ ಬ್ಯಾಂಡಿಗೆ ಹದಿನೈದು ನಿಮಿಷ ಸಿಕ್ಕಿತ್ತು. ನಾಲ್ಕು ಜನ, ಒಂದು ಎಲೆಕ್ಟ್ರಿಕ್ ಗಿಟಾರ್, ಒಂದು ಡಿಸ್ಟಾರ್ಷನ್ ಪೆಡಲ್. ಆಂಪ್ ಇರಲಿಲ್ಲ. ವೇದಿಕೆ ಹತ್ತುವಾಗ ಮೈಕ್‌ಸೆಟ್ ಅಣ್ಣ, "ಡಿಐ ಬಾಕ್ಸ್ ತಂದಿದ್ದೀರೇನಪ್ಪಾ?" ಅಂತ ಕೇಳಿದ್ರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೇರೆ ದಾರಿ ಇಲ್ಲದೆ ಕೇಬಲ್ಲನ್ನು ನೇರವಾಗಿ ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಹಾಕಿ ಶುರು ಮಾಡಿದೆವು.

ಮೊದಲ ಹಾಡಿನಲ್ಲಿ ಗಿಟಾರ್ ಕಂಬಳಿ ಹೊದ್ದು ಮಲಗಿದ ಹಾಗಿತ್ತು. ಎರಡನೇ ಹಾಡಿಗೆ ಪೆಡಲ್ ಒತ್ತಿದ ತಕ್ಷಣ ಜೇನುಗೂಡಿಗೆ ಕಲ್ಲು ಹೊಡೆದ ಹಾಗಾಯಿತು. ಅದು ನಾವೇ ಬರೆದ ಹಾಡು, ಒಂದು ತಿಂಗಳು ಕೂತು ಪ್ರಾಕ್ಟೀಸ್ ಮಾಡಿದ್ದು. ಸಾಹಿತ್ಯ ಒಬ್ಬರಿಗೂ ಕೇಳಿಸಲಿಲ್ಲ. ಇಳಿದು ಬಂದ ಮೇಲೆ ನಮ್ಮ ಗಿಟಾರಿಸ್ಟ್ ಎರಡು ವಾರ ಗಿಟಾರ್ ಮುಟ್ಟಲಿಲ್ಲ. "ಬಿಡ್ರೋ, ನನ್ನ ಕೈಯಲ್ಲಿ ಆಗಲ್ಲ" ಅಂದ. ಅವನ ಕೈಯಲ್ಲಿ ತಪ್ಪಿರಲಿಲ್ಲ ಅನ್ನೋದು ನಮಗೆ ಅರ್ಥವಾಗಿದ್ದು ಬಹಳ ತಡವಾಗಿ. ಅದಕ್ಕೇ ಈ ಲೇಖನ.

ಆಮೇಲೆ ನಾವು ದುಡ್ಡು ಕೂಡಿಸಿದೆವು. ಹಬ್ಬಕ್ಕೆ ಮನೆಯಲ್ಲಿ ಕೊಟ್ಟಿದ್ದು, ಜೂನಿಯರ್ ಹುಡುಗರಿಗೆ ಟ್ಯೂಷನ್ ಹೇಳಿ ಬಂದಿದ್ದು ಎಲ್ಲ ಸೇರಿ 18,000 ರೂಪಾಯಿ ಆಯಿತು. ನಮ್ಮಲ್ಲಿ ಇಬ್ಬರದ್ದು ಒಂದೇ ಹಟ: ಸೆಕೆಂಡ್ ಹ್ಯಾಂಡ್ 100 ವ್ಯಾಟ್ ಆಂಪ್ ತಗೊಳ್ಳೋಣ. ಇನ್ನಿಬ್ಬರಿಗೆ ಹಾಸ್ಟೆಲ್ ರೂಮಿನಲ್ಲಿ ಹಾಡು ರೆಕಾರ್ಡ್ ಮಾಡೋ ಆಸೆ. ಒಂದೇ ದುಡ್ಡು, ಎರಡು ಕೆಲಸ. ವಾರಗಟ್ಟಲೆ ಜಗಳ ಆಡಿ ನಾವು ಬಂದ ತೀರ್ಮಾನ ಇಷ್ಟು: ನಮ್ಮಂಥ ಸ್ಟೂಡೆಂಟ್ ಬ್ಯಾಂಡ್ ಆಂಪನ್ನು ಎಲ್ಲಕ್ಕಿಂತ ಕೊನೆಗೆ ತಗೊಳ್ಳಬೇಕು. ರೂಮಿಗೂ ವೇದಿಕೆಗೂ ಎರಡಕ್ಕೂ ಆಗೋ ವಸ್ತು ಮೊದಲು.

ಯಾಕೆ ಅಂತ ಹೇಳೋಕೆ ಆ ಸಂಜೆಗೇ ವಾಪಸ್ ಹೋಗಬೇಕು. ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ವೋಲ್ಟೇಜ್ ಡಿವೈಡರ್ ಲೆಕ್ಕ ಮಾಡಿದ್ದು ನೆನಪಿದೆಯಲ್ಲ? ಪರೀಕ್ಷೆಗೆ ಓದಿ ಮರೆತಿದ್ದ ಅದೇ ಲೆಕ್ಕ ಇಲ್ಲಿ ಎದುರು ಬಂದು ನಿಂತಿತು. ಗಿಟಾರಿನ ಪಿಕಪ್ ಅಂದರೆ ಸಾವಿರಾರು ಸುತ್ತಿನ ತಾಮ್ರದ ಕಾಯಿಲ್. ರೆಸಿಸ್ಟೆನ್ಸ್ ಸುಮಾರು 8 ಕಿಲೋಓಮ್, ಇಂಡಕ್ಟೆನ್ಸ್ ಸುಮಾರು 3 ಹೆನ್ರಿ ಅಂತ ಇಟ್ಟುಕೊಳ್ಳಿ. 3 ಕಿಲೋಹರ್ಟ್ಸ್‌ನಲ್ಲಿ ಆ ಕಾಯಿಲ್‌ನ ರಿಯಾಕ್ಟೆನ್ಸ್ 56 ಕಿಲೋಓಮ್ ಮುಟ್ಟುತ್ತದೆ. ಮಿಕ್ಸರಿನ ಲೈನ್ ಇನ್‌ಪುಟ್ 10 ಕಿಲೋಓಮ್ ಇದ್ದರೆ, 200 ಹರ್ಟ್ಸ್‌ನ ದಪ್ಪ ಸ್ವರಗಳಲ್ಲಿ ಹೆಚ್ಚುಕಮ್ಮಿ ಅರ್ಧ ವೋಲ್ಟೇಜ್ ಉಳಿಯುತ್ತದೆ, 3 ಕಿಲೋಹರ್ಟ್ಸ್‌ನಲ್ಲಿ ಆರರಲ್ಲಿ ಒಂದು ಭಾಗ ಮಾತ್ರ. ಗಿಟಾರಿನ ಹೊಳಪೆಲ್ಲ ಇರೋದು ಆ ಮೇಲಿನ ಭಾಗದಲ್ಲೇ. ಕಂಬಳಿ ಬಂದಿದ್ದು ಹೀಗೆ. ಗಿಟಾರಿಗೆ ಸುಮಾರು 1 ಮೆಗಾಓಮ್ ಇನ್‌ಪುಟ್ ಬೇಕು. ಆಂಪಿನಲ್ಲೂ ಆಡಿಯೋ ಇಂಟರ್‌ಫೇಸ್‌ನ 'ಇನ್‌ಸ್ಟ್ರುಮೆಂಟ್' ಇನ್‌ಪುಟ್‌ನಲ್ಲೂ ಇರೋದು ಅದೇ.

ಇನ್ನು ಜೇನುಗೂಡಿನ ಕಥೆ ಬೇರೆ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ 5 ಕಿಲೋಹರ್ಟ್ಸ್‌ನಿಂದ ಮೇಲೆ ಶಬ್ದವನ್ನು ಚೆನ್ನಾಗಿಯೇ ಕತ್ತರಿಸುತ್ತದೆ. ಡಿಸ್ಟಾರ್ಷನ್ ಹುಟ್ಟಿಸೋ ಕರ್ಕಶವೆಲ್ಲ ಅಲ್ಲೇ ಸೋಸಿಹೋಗುತ್ತದೆ. ಮೈಕ್‌ಸೆಟ್‌ನ ದೊಡ್ಡ ಸ್ಪೀಕರುಗಳು ಹಾಗೆ ಸೋಸಲ್ಲ, ಕೊಟ್ಟಿದ್ದೆಲ್ಲವನ್ನೂ ಜನರ ಕಿವಿಗೆ ಮುಟ್ಟಿಸುತ್ತವೆ. ಅಂದರೆ ನಮಗೆ ಬೇಕಿದ್ದದ್ದು ಆಂಪೇ ಅಲ್ಲ. ಸರಿಯಾದ ಇನ್‌ಪುಟ್ ಮತ್ತು ಸ್ಪೀಕರಿನ ಹಾಗೆ ಸೋಸುವ ಒಂದು ಫಿಲ್ಟರ್. ಇದಕ್ಕೆ 'ಕ್ಯಾಬ್ ಸಿಮ್ಯುಲೇಶನ್' ಅಂತಾರೆ. ಇವೆರಡೂ ಒಂದು ಚಿಕ್ಕ ಮಲ್ಟಿ-ಎಫೆಕ್ಟ್ಸ್ ಪೆಡಲಿನೊಳಗೇ ಸಿಗುತ್ತವೆ.

100 ವ್ಯಾಟ್ ಅನ್ನೋ ಮೋಹದ ಬಗ್ಗೆಯೂ ಒಂದು ಮಾತು. 50 ವ್ಯಾಟಿಗಿಂತ 100 ವ್ಯಾಟ್ ಎರಡು ಪಟ್ಟು ಜೋರು ಅಂತ ನಾವೂ ನಂಬಿದ್ದೆವು. ನಿಜಕ್ಕೂ ವ್ಯತ್ಯಾಸ ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಅನ್ನಿಸೋಕೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಪವರ್ ಬೇಕು. ಅಷ್ಟು ದೊಡ್ಡ ಆಂಪನ್ನು ಹಾಸ್ಟೆಲಿನಲ್ಲಿ ರಾತ್ರಿ ಹತ್ತರ ಮೇಲೆ ಆನ್ ಮಾಡಿ ನೋಡಿ, ವಾರ್ಡನ್ ಏನಂತಾರೆ ಅಂತ ನಾವು ಹೇಳಬೇಕಾಗಿಲ್ಲ. ಬಸ್ಸಿನಲ್ಲಿ ಹೊತ್ತುಕೊಂಡು ಹೋಗೋದು ಇನ್ನೊಂದು ಕಥೆ.

ಹಾಗಾದರೆ ನಾವು ಏನು ತಗೊಂಡೆವು? ಮೊದಲು ಇದ್ದ ಗಿಟಾರಿಗೇ ಖರ್ಚು ಮಾಡಿದೆವು: ಹೊಸ ತಂತಿ, ಅಂಗಡಿಯಲ್ಲಿ ಒಂದು ಸೆಟಪ್. ನೆಕ್ ಸರಿಮಾಡಿಸಿ ಇಂಟೊನೇಶನ್ ಕೂರಿಸಿದ ಮೇಲೆ ಹನ್ನೆರಡನೇ ಫ್ರೆಟ್‌ನಲ್ಲಿ ಶ್ರುತಿ ತಪ್ಪೋದು ನಿಂತಿತು. ಶ್ರುತಿ ತಪ್ಪಿದ ಗಿಟಾರನ್ನು ಯಾವ ಪ್ಲಗಿನ್ನೂ ಉಳಿಸಲ್ಲ. ಆಮೇಲೆ ಸೆಕೆಂಡ್ ಹ್ಯಾಂಡ್ ಮಲ್ಟಿ-ಎಫೆಕ್ಟ್ಸ್. ತಗೊಳ್ಳುವಾಗ ಒಂದು ಪ್ರಶ್ನೆ ಕಡ್ಡಾಯವಾಗಿ ಕೇಳಿ: ಇದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಆಗಿಯೂ ಕೆಲಸ ಮಾಡುತ್ತಾ? ಬಾಸ್ ಜಿಟಿ-1 ಮಾಡುತ್ತೆ, ನಾಲ್ಕು ಡಬಲ್ ಎ ಬ್ಯಾಟರಿಯಲ್ಲೂ ಓಡುತ್ತೆ. ಲೈನ್ 6 ಪಾಡ್ ಗೋ ಮಾಡುತ್ತೆ. ಎಲ್ಲ ಮಾಡೆಲ್‌ಗಳೂ ಮಾಡಲ್ಲ, ಕೆಲವದರಲ್ಲಿ ಯುಎಸ್‌ಬಿ ಇರೋದು ಬರೀ ಅಪ್‌ಡೇಟಿಗೆ. ಕೊನೆಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಒಂದು ಗಟ್ಟಿ ಕೇಬಲ್.

ರೆಕಾರ್ಡಿಂಗ್ ಶುರುವಾಗಿದ್ದು ಎರಡು ಮಂಚದ ಮಧ್ಯೆ. ಸಾಫ್ಟ್‌ವೇರ್‌ಗೆ ದುಡ್ಡು ಬೇಕಾಗಲಿಲ್ಲ. ರೀಪರ್ 60 ದಿನ ಪೂರ್ತಿ ಬಳಸಿ ನೋಡೋಕೆ ಕೊಡುತ್ತೆ, ನ್ಯೂರಲ್ ಆಂಪ್ ಮಾಡೆಲರ್ ಉಚಿತ, ಅದರ ಸೋರ್ಸ್ ಕೋಡ್ ಕೂಡ ತೆರೆದಿಟ್ಟಿದ್ದಾರೆ. ಮೀಟರ್ ಮೈನಸ್ 12 ಡೆಸಿಬೆಲ್ ಸುತ್ತ ಇರಲಿ, ಕೆಂಪು ಮುಟ್ಟೋದು ಬೇಡ. ಸಾಧ್ಯವಾದರೆ ಎಫೆಕ್ಟ್ ಇಲ್ಲದ ಶುದ್ಧ ಸಿಗ್ನಲ್ಲನ್ನೂ ಪಕ್ಕದ ಟ್ರ್ಯಾಕಿನಲ್ಲಿ ಉಳಿಸಿಕೊಳ್ಳಿ, ಟೋನ್ ಇಷ್ಟವಾಗದಿದ್ದರೆ ಮತ್ತೆ ನುಡಿಸದೆಯೇ ಬದಲಾಯಿಸಬಹುದು. ಲೇಟೆನ್ಸಿಗೆ ಹೆದರಬೇಡಿ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ ಅಂದರೆ 2.7 ಮಿಲಿಸೆಕೆಂಡ್. ಹೋಗಿಬರುವ ಒಟ್ಟು ದಾರಿ 10 ಮಿಲಿಸೆಕೆಂಡ್ ಆದರೂ, ಅದು ಆಂಪಿನಿಂದ ಮೂರೂವರೆ ಮೀಟರ್ ದೂರ ನಿಂತು ನುಡಿಸಿದಷ್ಟೇ.

ಇದೆಲ್ಲ ಬಡತನದ ಉಪಾಯ ಅಂತ ಅನ್ನಿಸಬಹುದು. ಎಂಐಟಿಯಲ್ಲಿ ಮೆಕ್ಯಾನಿಕಲ್ ಓದಿದ ಟಾಮ್ ಶೋಲ್ಜ್ ಪೋಲರಾಯ್ಡ್‌ನಲ್ಲಿ ಎಂಜಿನಿಯರ್ ಆಗಿದ್ದಾಗಲೇ ಮನೆಯ ನೆಲಮಾಳಿಗೆಯಲ್ಲಿ ಕೂತು ರೆಕಾರ್ಡ್ ಮಾಡುತ್ತಿದ್ದರು. 1976ರಲ್ಲಿ ಬಂದ 'ಬಾಸ್ಟನ್' ಬ್ಯಾಂಡಿನ ಮೊದಲ ಆಲ್ಬಮ್ಮಿನ ಬಹುಪಾಲು ಅಲ್ಲೇ ಆಗಿದ್ದು. ಹೆಡ್‌ಫೋನ್ ಹಾಕಿ ನುಡಿಸೋ 'ರಾಕ್‌ಮನ್' ಅನ್ನೋ ಪುಟ್ಟ ಡಬ್ಬಿಯನ್ನು ಆಮೇಲೆ ಮಾಡಿದವರೂ ಅವರೇ. ನಾವು ಕೈಯಲ್ಲಿ ಹಿಡಿದಿರೋದು ಅದೇ ಯೋಚನೆಯ ಮುಂದಿನ ತಲೆಮಾರು.

ಆಂಪ್ ಪರ ಮಾತಾಡೋ ಸೀನಿಯರ್‌ಗಳ ಮಾತಿನಲ್ಲೂ ನಿಜ ಇದೆ. ಬೆನ್ನ ಹಿಂದೆ ಸ್ಪೀಕರ್ ಗುಡುಗುವಾಗ ಪ್ಯಾಂಟಿಗೆ ತಾಗೋ ಗಾಳಿ ಹೆಡ್‌ಫೋನಿನಲ್ಲಿ ಸಿಗಲ್ಲ. ಡ್ರಮ್ಸ್ ಪಕ್ಕ ನಿಂತಾಗ ಮಾನಿಟರ್ ಇಲ್ಲದಿದ್ದರೆ ನಮ್ಮ ಗಿಟಾರ್ ನಮಗೇ ಕೇಳಿಸಲ್ಲ. ಅದಕ್ಕೆ ಸೌಂಡ್ ಚೆಕ್‌ಗೆ ಮುಂಚೆಯೇ ಹೋಗಿ, "ಅಣ್ಣಾ, ಮಾನಿಟರ್‌ಗೆ ಸ್ವಲ್ಪ ಗಿಟಾರ್ ಕೊಡಿ" ಅಂತ ಕೇಳಿಕೊಳ್ಳಬೇಕು. ಮುಂದೆ ದುಡ್ಡು ಬಂದು ಆಂಪ್ ತಗೊಂಡರೂ, ಬಾಸ್ ಕಟಾನಾ 50ರ ಹಾಗೆ ಅರ್ಧ ವ್ಯಾಟಿಗೆ ಇಳಿಸೋಕೆ ಆಗೋದನ್ನು, ಯುಎಸ್‌ಬಿಯಲ್ಲಿ ರೆಕಾರ್ಡ್ ಆಗೋದನ್ನು ನೋಡೋಣ. ಲ್ಯಾಪ್‌ಟಾಪನ್ನು ಮಾತ್ರ ವೇದಿಕೆಗೆ ಒಯ್ಯಬೇಡಿ. ಅಪ್‌ಡೇಟ್ ಶುರುವಾಗೋಕೆ ಅದಕ್ಕೆ ಮುಹೂರ್ತ ಬೇಕಿಲ್ಲ.

ಕೊನೆಗೆ ನಮ್ಮ ಕನ್ನಡ ಸಂಘಕ್ಕೆ ಒಂದು ಬೇಡಿಕೆ. ಸಂಘದ ದುಡ್ಡಿನಲ್ಲಿ ಎರಡು ಆಕ್ಟಿವ್ ಡಿಐ ಬಾಕ್ಸ್ ತಗೊಂಡು ಬೀರುವಿನಲ್ಲಿಡೋಣ. ಗಿಟಾರಿಗೆ ಬೇಕಾದ ಹೈ ಇಂಪೀಡೆನ್ಸ್ ಇನ್‌ಪುಟ್ ಅದರಲ್ಲಿರುತ್ತೆ, ಮಿಕ್ಸರ್‌ವರೆಗಿನ ಉದ್ದದ ಕೇಬಲ್ಲಿಗೆ ಬ್ಯಾಲೆನ್ಸ್ಡ್ ಸಿಗ್ನಲ್ ಕೊಡುತ್ತೆ. ಗುಂಯ್ ಅಂತ ಹಮ್ ಬಂದರೆ ಗ್ರೌಂಡ್ ಲಿಫ್ಟ್ ಬಟನ್ ಒತ್ತಬಹುದು. ಹಮ್ ಹೋಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ಕೀಳೋ ಬುದ್ಧಿವಂತಿಕೆ ಬೇಡ, ಅದು ಜೀವಕ್ಕೇ ಅಪಾಯ. ಪಿಕಪ್ ಇರೋ ಅಕೌಸ್ಟಿಕ್ ಗಿಟಾರ್, ವಯಲಿನ್, ಕೀಬೋರ್ಡ್ ಎಲ್ಲಕ್ಕೂ ಇದೇ ಡಬ್ಬಿ ಆಗುತ್ತೆ. ಮುಂದೆ ಬರೋ ಫಸ್ಟ್ ಇಯರ್ ಹುಡುಗ ಹುಡುಗಿಯರು ವೇದಿಕೆ ಮೇಲೆ ನಿಂತು ನಮ್ಮ ಹಾಗೆ ಪಿಳಿಪಿಳಿ ನೋಡೋದು ತಪ್ಪುತ್ತೆ.

ಅಂದಹಾಗೆ, ಕಂಬಳಿ ಹೊದ್ದಿದ್ದ ಆ ಹಾಡುಗಳು ಈಗ ನಮ್ಮ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಆಗಿವೆ. ನಮ್ಮ ಗಿಟಾರಿಸ್ಟ್ ಎರಡು ವಾರ ಬಿಟ್ಟಿದ್ದನ್ನು ಮತ್ತೆ ಹಿಡಿದಿದ್ದಾನೆ, ಈಗ ಬಿಡು ಅಂದ್ರೂ ಬಿಡ್ತಿಲ್ಲ. ಈ ನವೆಂಬರಿನಲ್ಲಿ ಇನ್ನೊಂದು ಹದಿನೈದು ನಿಮಿಷ ಕೇಳಿದ್ದೇವೆ. ಬಂದು ಕೇಳಿ. ಸಾಹಿತ್ಯ ಕೇಳಿಸದಿದ್ದರೆ ಈ ಸಲ ನಮ್ಮನ್ನೇ ಬೈಯಿರಿ.