152ರ ಹಿಂದಿನ ಸಾಲು

2012ರ ಅಕ್ಟೋಬರ್ 16ರಂದು ಪೋಲೆಂಡಿನ ವ್ರೊತ್ಸ್ವಾಫ್ ನಗರದಲ್ಲಿ ಜಪಾನ್ ತಂಡ ಬ್ರೆಜಿಲ್ ಎದುರು 0–4ರಿಂದ ಸೋತಿತು. ಅದೇ ರಾತ್ರಿ ಮಿಡ್‌ಫೀಲ್ಡರ್ ಯಸುಹಿತೊ ಎಂಡೊ ತಮ್ಮ 123ನೇ ಅಂತರರಾಷ್ಟ್ರೀಯ ಪಂದ್ಯ ಆಡಿದರು. 1999ರಿಂದ ಮಸಾಮಿ ಇಹಾರಾ ಹೆಸರಿನಲ್ಲಿದ್ದ 122 ಪಂದ್ಯಗಳ ದಾಖಲೆ ಅಲ್ಲಿಗೆ ಹಿಂದೆ ಬಿತ್ತು. ಅದಕ್ಕೆ ನಾಲ್ಕು ದಿನ ಮೊದಲು, ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್‌ನಲ್ಲಿ ಫ್ರಾನ್ಸ್ ತಂಡವನ್ನು ಜಪಾನ್ 1–0ರಿಂದ ಮಣಿಸಿದಾಗ ಎಂಡೊ ಆ ದಾಖಲೆಯನ್ನು ಸರಿಗಟ್ಟಿದ್ದರು. ಗೆದ್ದರೂ ಸೋತರೂ ಆಡಿದ ಪಂದ್ಯಗಳ ಲೆಕ್ಕಕ್ಕೆ ಸೇರುವುದು ಒಂದೇ ಒಂದು ಅಂಕಿ. 90 ನಿಮಿಷ ಬೆವರು ಹರಿಸಿದವರಿಗೂ ಅಷ್ಟೇ, ಕೊನೆಯ ಒಂದು ನಿಮಿಷಕ್ಕೆ ಬದಲಿಯಾಗಿ ಇಳಿದವರಿಗೂ ಅಷ್ಟೇ. 2015ರ ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಏಷ್ಯಾ ಕಪ್ ಎಂಟರ ಘಟ್ಟದಲ್ಲಿ ಯುಎಇ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತು ಮರಳುವಾಗ ಎಂಡೊ ಲೆಕ್ಕ 152ಕ್ಕೆ ನಿಂತಿತು. ಜಪಾನ್ ಪುರುಷರ ತಂಡದಲ್ಲಿ ಅದನ್ನು ಮೀರಿದವರು ಇನ್ನೂ ಬಂದಿಲ್ಲ.

ಅತಿ ಹೆಚ್ಚು ಪಂದ್ಯ ಆಡಿದವರ ಪಟ್ಟಿಯನ್ನು ನಾವು ಸಾಮಾನ್ಯವಾಗಿ ತಪ್ಪು ರೀತಿಯಲ್ಲಿ ಓದುತ್ತೇವೆ ಎಂಬುದು ನನ್ನ ಬಲವಾದ ಅನಿಸಿಕೆ. ಮೊದಲ ಹೆಸರು ಓದಿ, ಚಪ್ಪಾಳೆ ತಟ್ಟಿ, ಪುಟ ತಿರುವುತ್ತೇವೆ. ಆ ದೇಶದ ಫುಟ್‌ಬಾಲ್ ಎಷ್ಟು ಆಳಕ್ಕೆ ಬೇರುಬಿಟ್ಟಿದೆ ಎಂದು ತಿಳಿಯಬೇಕಾದರೆ ಎರಡನೆಯ ಹೆಸರಿನಿಂದ ಕೆಳಗೆ ಓದಬೇಕು. ಜಪಾನ್ ಪಟ್ಟಿಯಲ್ಲಿ ಎಂಡೊ ಬೆನ್ನಿಗೇ 140 ದಾಟಿದ ಯುಟೊ ನಗಾಟೊಮೊ ಇದ್ದಾರೆ. ಅವರ ನಂತರ ಮಾಯಾ ಯೋಶಿದಾ 126, ಇಹಾರಾ 122, ಶಿಂಜಿ ಒಕಾಜಾಕಿ 119, ಗೋಲ್‌ಕೀಪರ್ ಯೊಶಿಕತ್ಸು ಕವಾಗುಚಿ 116, ಮಕೊಟೊ ಹಸೆಬೆ 114, ಯುಜಿ ನಕಾಜಾವಾ 110. ನೂರು ದಾಟಿದ ಎಂಟು ಮಂದಿ. ಶುನ್‌ಸುಕೆ ನಕಾಮುರಾ, ಕೆಸುಕೆ ಹೊಂಡಾ ತಲಾ 98ಕ್ಕೆ ನಿಂತರು. ಈ ಎಂಟೂ ಜನ ನೂರು ದಾಟಿದ್ದು 1990ರ ದಶಕದಿಂದ ಈಚೆಗೆ. ಅದಕ್ಕೂ ಹಿಂದಿನ ಎಪ್ಪತ್ತು ವರ್ಷಗಳ ಆಟಗಾರರಲ್ಲಿ ಒಬ್ಬರೂ ಆ ಗಡಿಯ ಹತ್ತಿರ ಸುಳಿಯಲಿಲ್ಲ. ಅವರಲ್ಲಿ ಪ್ರತಿಭೆಯಿರಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ಅನ್ಯಾಯದ ಮಾತು.

ಜಪಾನ್ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿದ್ದು 1917ರ ಮೇ ತಿಂಗಳಲ್ಲಿ, ಟೋಕಿಯೊದಲ್ಲಿ ನಡೆದ ದೂರಪ್ರಾಚ್ಯ ಕ್ರೀಡಾಕೂಟದಲ್ಲಿ. ದೇಶದ ಪರ ಕಣಕ್ಕಿಳಿದದ್ದು ಶಿಕ್ಷಕರನ್ನು ತಯಾರು ಮಾಡುವ ಒಂದು ಕಾಲೇಜಿನ ವಿದ್ಯಾರ್ಥಿಗಳು. ಚೀನಾ ಎದುರು 0–5ರ ಸೋಲು, ಮರುದಿನ ಫಿಲಿಪ್ಪೀನ್ಸ್ ಎದುರು 2–15ರ ಸೋಲು. ಮೊದಲ ಗೆಲುವಿಗೆ 1927ರವರೆಗೆ ಕಾಯಬೇಕಾಯಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಇದೇ ದೇಶ 0–2ರಿಂದ ಹಿಂದಿದ್ದು ಸ್ವೀಡನ್ ತಂಡವನ್ನು 3–2ರಿಂದ ಸೋಲಿಸಿ ಯುರೋಪನ್ನು ಬೆರಗುಗೊಳಿಸಿತು. ಗೆಲುವಿನ ಗೋಲು ಹೊಡೆದ ಅಕಿರಾ ಮತ್ಸುನಾಗಾ, ಸಮಬಲದ ಗೋಲು ತಂದ ತೊಕುತಾರೊ ಉಕೊನ್ ಇಬ್ಬರೂ ಮುಂದೆ ಎರಡನೆಯ ಮಹಾಯುದ್ಧದಲ್ಲಿ ಪ್ರಾಣ ಕಳೆದುಕೊಂಡರು. ಅವರ ಹೆಸರಿನ ಮುಂದೆ ಇರುವ ಪಂದ್ಯಗಳ ಸಂಖ್ಯೆ ಒಂದು ಕೈಯ ಬೆರಳುಗಳಲ್ಲೇ ಮುಗಿಯುತ್ತದೆ. ಆ ಸಂಖ್ಯೆಯನ್ನು ನಿಗದಿ ಮಾಡಿದ್ದು ಅವರ ಕಾಲ್ಚಳಕವಂತೂ ಅಲ್ಲ.

ಯುದ್ಧದ ನಂತರ ಜಪಾನ್ ಮತ್ತೆ ಮೈದಾನಕ್ಕೆ ಬಂದದ್ದು 1951ರಲ್ಲಿ, ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟಕ್ಕೆ. ಅಲ್ಲಿ ಚಿನ್ನ ಗೆದ್ದದ್ದು ಭಾರತ, ಜಪಾನ್‌ಗೆ ಕಂಚು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ಎದುರು ಜಪಾನ್ 0–2ರಿಂದ ಸೋತು ಮನೆಗೆ ಹೋಯಿತು. ಅದೇ ಆಸ್ಟ್ರೇಲಿಯಾವನ್ನು ಭಾರತ 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲೂ ಭಾರತ ಜಪಾನ್ ತಂಡವನ್ನು 2–0ರಿಂದ ಮಣಿಸಿ ಮುಂದೆ ಚಿನ್ನವನ್ನೇ ಗೆದ್ದಿತು. ಈ ಫಲಿತಾಂಶಗಳನ್ನು ಇಲ್ಲಿ ಎತ್ತಿ ಹೇಳುತ್ತಿರುವುದು ಹಳೆಯ ವೈಭವ ಮೆಲುಕು ಹಾಕಲಿಕ್ಕಲ್ಲ. ಎರಡು ದೇಶಗಳು ಎಲ್ಲಿಂದ ಹೊರಟವು ಎಂಬುದು ನೆನಪಿದ್ದರೆ ಮಾತ್ರ ಮುಂದಿನ ಅಂಕಿಗಳು ಅರ್ಥವಾಗುತ್ತವೆ.

1960ರಲ್ಲಿ ಜಪಾನ್ ಜರ್ಮನಿಯಿಂದ ಡೆಟ್ಮಾರ್ ಕ್ರಾಮರ್ ಎಂಬ ತರಬೇತುದಾರರನ್ನು ಕರೆಸಿಕೊಂಡಿತು. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ತಂಡ ಕಟ್ಟುವುದು ಅವರ ಕೆಲಸ. ದೇಶದೊಳಗೆ ವರ್ಷವಿಡೀ ನಡೆಯುವ ಲೀಗ್ ಇಲ್ಲದೆ ರಾಷ್ಟ್ರೀಯ ತಂಡ ಬೆಳೆಯದು ಎಂದು ಅವರು ಒತ್ತಿ ಹೇಳಿದರು. 1965ರಲ್ಲಿ ಕಂಪನಿ ತಂಡಗಳ ಜಪಾನ್ ಸಾಕರ್ ಲೀಗ್ ಶುರುವಾಯಿತು. ಮೂರು ವರ್ಷಗಳಲ್ಲಿ ಮೆಕ್ಸಿಕೊ ಒಲಿಂಪಿಕ್ಸ್‌ನ ಕಂಚು ಬಂತು. ಪದಕದ ಪಂದ್ಯದಲ್ಲಿ ಆತಿಥೇಯ ಮೆಕ್ಸಿಕೊ ವಿರುದ್ಧ ಎರಡೂ ಗೋಲು ಹೊಡೆದವರು, ಕೂಟದಲ್ಲಿ ಏಳು ಗೋಲುಗಳೊಂದಿಗೆ ಎಲ್ಲರಿಗಿಂತ ಮುಂದಿದ್ದವರು ಕುನಿಶಿಗೆ ಕಮಾಮೊಟೊ. 2025ರ ಆಗಸ್ಟ್‌ನಲ್ಲಿ ತೀರಿಕೊಂಡ ಈ ಸ್ಟ್ರೈಕರ್ 1964ರಿಂದ 1977ರವರೆಗೆ ಆಡಿದ್ದು 76 ಪಂದ್ಯ, ಹೊಡೆದದ್ದು 75 ಗೋಲು. ಈ ಗೋಲುಗಳ ದಾಖಲೆ ಇವತ್ತಿಗೂ ಭದ್ರ. ಪಂದ್ಯಗಳ ಲೆಕ್ಕದಲ್ಲಿ ಮಾತ್ರ ಇಂದು ಅವರಿಗಿಂತ ಸಾಧಾರಣ ಪ್ರತಿಭೆಯವರೂ ಮುಂದಿದ್ದಾರೆ. 1969ರಲ್ಲಿ ಯಕೃತ್ತಿನ ಉರಿಯೂತ ಬಂದು ವಿಶ್ವಕಪ್ ಅರ್ಹತಾ ಪಂದ್ಯಗಳಿಂದ ಹೊರಗುಳಿದದ್ದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಆಗ ಜಪಾನ್ ಆಡುತ್ತಿದ್ದ ಪಂದ್ಯಗಳೇ ಕಡಿಮೆ.

ಚಿತ್ರ ಬದಲಾದದ್ದು 1993ರಲ್ಲಿ. ಆ ವರ್ಷ ಮೇ 15ರಂದು ಹತ್ತು ಕ್ಲಬ್‌ಗಳೊಂದಿಗೆ ವೃತ್ತಿಪರ ಜೆ ಲೀಗ್ ಆರಂಭವಾಯಿತು. ಇಂದು ಮೂರು ಹಂತಗಳಲ್ಲಿ 60 ಕ್ಲಬ್‌ಗಳಿವೆ. 1993ರ ಅಕ್ಟೋಬರ್‌ನಲ್ಲಿ ದೋಹಾದಲ್ಲಿ ಇರಾಕ್ ತಂಡ ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದು 2–2 ಮಾಡಿಕೊಂಡಾಗ ವಿಶ್ವಕಪ್‌ನ ಬಾಗಿಲು ಮುಚ್ಚಿತು. ಅಂದು ಮೈದಾನದಲ್ಲಿದ್ದ ಡಿಫೆಂಡರ್ ಇಹಾರಾ ನಾಲ್ಕು ವರ್ಷಗಳ ನಂತರ ಜೊಹೊರ್ ಬಹ್ರುನಲ್ಲಿ ಇರಾನ್ ತಂಡವನ್ನು 3–2ರಿಂದ ಸೋಲಿಸಿದ ತಂಡದ ನಾಯಕ. 1998ರಲ್ಲಿ ಜಪಾನಿನ ಮೊದಲ ವಿಶ್ವಕಪ್‌ಗೂ ನಾಯಕ. ಜಪಾನ್ ಫುಟ್‌ಬಾಲ್‌ನ ಎರಡು ಯುಗಗಳಿಗೆ ಸೇತುವೆಯಾದ ಮನುಷ್ಯನ ಬಳಿ ಆ ದಾಖಲೆ ಹದಿಮೂರು ವರ್ಷ ಇದ್ದದ್ದು ನನಗೆ ತೀರಾ ಸಮಂಜಸವಾಗಿ ಕಾಣುತ್ತದೆ. ಆ ವಿಶ್ವಕಪ್ ತಂಡದಿಂದ ಕೊನೆಯ ಕ್ಷಣದಲ್ಲಿ ಕೈಬಿಟ್ಟ ಕಜುಯೋಶಿ ಮಿಯುರಾ 89 ಪಂದ್ಯ, 55 ಗೋಲುಗಳಿಗೆ ನಿಂತರು.

ಇನ್ನು ಎಂಡೊ. 2002ರ ನವೆಂಬರ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಪದಾರ್ಪಣೆ ಮಾಡಿದ ಅವರು 2006ರ ವಿಶ್ವಕಪ್ ತಂಡದಲ್ಲಿದ್ದರೂ ಒಂದು ನಿಮಿಷವೂ ಆಡಲಿಲ್ಲ. 2010ರಲ್ಲಿ ದಕ್ಷಿಣ ಆಫ್ರಿಕಾದ ರಸ್ಟನ್‌ಬರ್ಗ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಅವರು ಹೊಡೆದ ಫ್ರೀ ಕಿಕ್ ಗೋಲು ಈಗಲೂ ಮಾತಿಗೆ ಬರುತ್ತದೆ. ವೇಗವಿಲ್ಲದ, ಅಬ್ಬರವಿಲ್ಲದ, ಚೆಂಡನ್ನು ಸರಿಯಾದ ಹೊತ್ತಿಗೆ ಸರಿಯಾದ ಕಾಲಿಗೆ ತಲುಪಿಸುವ ಆಟ ಅವರದು. ಜಿಕೊ, ಒಸಿಮ್, ಒಕಾಡಾ, ಜಾಕೆರೋನಿ, ಅಗ್ವಿರೆ ಹೀಗೆ ತರಬೇತುದಾರರು ಬದಲಾದರೂ ಎಂಡೊ ಉಳಿದರು. ಇಷ್ಟು ಅವರ ಯೋಗ್ಯತೆಯ ಮಾತು. 152ಕ್ಕೆ ಇನ್ನೂ ಕೆಲವು ಕಾರಣಗಳಿವೆ, ಅವು ಸಾಮಾನ್ಯವಾಗಿ ಚರ್ಚೆಗೆ ಬರುವುದಿಲ್ಲ.

ಎಂಡೊ ಯುರೋಪಿನ ಕ್ಲಬ್‌ಗೆ ಹೋಗಲೇ ಇಲ್ಲ. ಗಂಬಾ ಒಸಾಕಾದಲ್ಲೇ ಉಳಿದರು. ಜಪಾನ್ ಪ್ರತಿ ವರ್ಷ ತವರಿನಲ್ಲಿ ಸೌಹಾರ್ದ ಪಂದ್ಯಗಳನ್ನು ಏರ್ಪಡಿಸುತ್ತದೆ. 1978ರಲ್ಲಿ ಜಪಾನ್ ಕಪ್ ಎಂದು ಶುರುವಾದ ಕೂಟ ಮುಂದೆ ಪ್ರಾಯೋಜಕ ಕಂಪನಿಯ ಹೆಸರಿನಲ್ಲಿ ಕಿರಿನ್ ಕಪ್ ಆಯಿತು. ಹಣ ಬಂತು, ತಂಡಗಳು ಬಂದವು, ಮೈದಾನ ತುಂಬಿತು. ಫಿಫಾ ವೇಳಾಪಟ್ಟಿಗೆ ಸೇರದ ದಿನಗಳಲ್ಲಿ ಯುರೋಪಿನ ಕ್ಲಬ್‌ಗಳು ಆಟಗಾರರನ್ನು ಬಿಟ್ಟುಕೊಡಬೇಕಿಲ್ಲ. ಒಸಾಕಾದಲ್ಲಿದ್ದವರಿಗೆ ಆ ಅಡ್ಡಿಯೇ ಇರಲಿಲ್ಲ. ಜೊತೆಗೆ ಜಪಾನ್ 1992, 2000, 2004, 2011ರಲ್ಲಿ ಏಷ್ಯಾ ಕಪ್ ಗೆದ್ದಿತು. ಗೆದ್ದ ತಂಡ ಕೂಟದ ಕೊನೆಯವರೆಗೂ ಆಡುತ್ತದೆ, ಆಗೆಲ್ಲ ಕಾನ್ಫೆಡರೇಷನ್ಸ್ ಕಪ್‌ಗೂ ಹೋಗುತ್ತಿತ್ತು. ಗೆಲುವು ಇನ್ನಷ್ಟು ಪಂದ್ಯಗಳನ್ನು ತರುತ್ತದೆ, ಆ ಪಂದ್ಯಗಳು ಇನ್ನಷ್ಟು ಪಳಗಿದ ಆಟಗಾರರನ್ನು. ಹಿದೆತೊಶಿ ನಕಾತಾ ಇಟಲಿಯಲ್ಲಿ ಮೆರೆದು 29ನೇ ವಯಸ್ಸಿಗೇ ನಿವೃತ್ತರಾದರು, ಆಡಿದ್ದು 77 ಪಂದ್ಯ. ಎಂಡೊ ನಕಾತಾಗಿಂತ ಎರಡು ಪಟ್ಟು ದೊಡ್ಡ ಆಟಗಾರ ಎಂದು ಜಪಾನಿನಲ್ಲಿ ಯಾರೂ ವಾದಿಸುವುದಿಲ್ಲ.

ಇಲ್ಲಿಯವರೆಗೆ ನಾನು ಬರೆದದ್ದರಲ್ಲೇ ಒಂದು ಅಸಮತೋಲನ ಇದೆ, ಅದನ್ನು ಈಗಲೇ ಸರಿಪಡಿಸಬೇಕು. ಜಪಾನ್ ಪರ ಅತಿ ಹೆಚ್ಚು ಪಂದ್ಯ ಆಡಿದವರು ಎಂಡೊ ಅಲ್ಲ, ಹೊಮಾರೆ ಸಾವಾ. 205 ಪಂದ್ಯ, 83 ಗೋಲು. 1993ರ ಡಿಸೆಂಬರ್‌ನಲ್ಲಿ, 15ರ ಹುಡುಗಿಯಾಗಿ ಫಿಲಿಪ್ಪೀನ್ಸ್ ವಿರುದ್ಧದ ಮೊದಲ ಪಂದ್ಯದಲ್ಲೇ ನಾಲ್ಕು ಗೋಲು ಹೊಡೆದರು. 1995ರಿಂದ 2015ರವರೆಗೆ ಆರು ವಿಶ್ವಕಪ್ ಆಡಿದರು. 2011ರ ಜುಲೈ 17ರಂದು, ಭೂಕಂಪ ಮತ್ತು ಸುನಾಮಿ ಜಪಾನನ್ನು ನಡುಗಿಸಿದ ಕೆಲವೇ ತಿಂಗಳುಗಳಲ್ಲಿ, ಫ್ರಾಂಕ್‌ಫರ್ಟ್ ಫೈನಲ್‌ನ 117ನೇ ನಿಮಿಷದಲ್ಲಿ ಅಮೆರಿಕದ ವಿರುದ್ಧ ಅವರು ಹೊಡೆದ ಗೋಲಿನಿಂದ ಪಂದ್ಯ 2–2 ಆಯಿತು. ಶೂಟೌಟ್‌ನಲ್ಲಿ ಜಪಾನ್ ವಿಶ್ವ ಚಾಂಪಿಯನ್. ಅತಿ ಹೆಚ್ಚು ಗೋಲಿನ ಪ್ರಶಸ್ತಿ, ಕೂಟದ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಎರಡೂ ಅವರಿಗೇ. ಪುರುಷರ ತಂಡದ ಯಾವ ದಾಖಲೆಯೂ ಈ ಎತ್ತರಕ್ಕೆ ಏರಿಲ್ಲ. ಅದೇ ಮಹಿಳಾ ತಂಡದಲ್ಲಿ 162 ಪಂದ್ಯಗಳ ಅಯಾ ಮಿಯಾಮಾ ಇದ್ದಾರೆ. ಅವರೂ ಎಂಡೊಗಿಂತ ಮುಂದೆ. ಜಪಾನಿನ ಮಹಿಳಾ ತಂಡ ಮೊದಲ ಪಂದ್ಯ ಆಡಿದ್ದೇ 1981ರಲ್ಲಿ, ಮಹಿಳೆಯರ ಲೀಗ್ ಬಂದದ್ದು 1989ರಲ್ಲಿ. ಆದರೂ ‘ಜಪಾನಿನ ದಾಖಲೆ’ ಎಂದಾಗ ಮೊದಲು ನೆನಪಾಗುವುದು 152. ನಮ್ಮ ಕ್ರೀಡಾ ಪುಟಗಳೂ ಇದಕ್ಕೆ ಹೊರತಲ್ಲ. ‘ಪುರುಷರ’ ಎಂಬ ಒಂದು ಪದ ಸೇರಿಸುವುದು ಯಾವ ಪತ್ರಿಕೆಗೂ ಭಾರವಾಗಬಾರದು.

ಈಗ ನಮ್ಮ ಅಂಗಳಕ್ಕೆ ಬರೋಣ. ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ 2005ರ ಜೂನ್‌ನಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನ ವಿರುದ್ಧ ಮೊದಲ ಪಂದ್ಯ ಆಡಿ, 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ವಿದಾಯ ಹೇಳಿದಾಗ 151 ಪಂದ್ಯ, 94 ಗೋಲು ಅವರ ಖಾತೆಯಲ್ಲಿದ್ದವು. ಎಂಡೊಗೆ 152 ಪಂದ್ಯಕ್ಕೆ ಹಿಡಿದದ್ದು ಹನ್ನೆರಡು ವರ್ಷ ಚಿಲ್ಲರೆ. ಚೆಟ್ರಿಗೆ 151ಕ್ಕೆ ಹತ್ತೊಂಬತ್ತು ವರ್ಷ. ವಿಶ್ವಕಪ್ ಅರ್ಹತೆಯ ಆರಂಭದ ಸುತ್ತುಗಳಲ್ಲೇ ಹೊರಬೀಳುವ ದೇಶಕ್ಕೆ ಮುಂದಿನ ಸುತ್ತಿನ ಪಂದ್ಯಗಳೇ ಇರುವುದಿಲ್ಲ. ಆ ಏಳು ವರ್ಷಗಳ ಅಂತರ ಚೆಟ್ರಿಯ ಕೊರತೆಯಲ್ಲ, ನಮ್ಮ ವ್ಯವಸ್ಥೆಯ ಕೊರತೆ. ನಿವೃತ್ತಿಯಾದ ಒಂಬತ್ತು ತಿಂಗಳಿಗೇ, 2025ರ ಮಾರ್ಚ್‌ನಲ್ಲಿ, ನಲವತ್ತರ ಚೆಟ್ರಿಯನ್ನು ತಂಡಕ್ಕೆ ಮರಳಿ ಕರೆಯಬೇಕಾಯಿತು. ಅವರ ಬದ್ಧತೆಗೆ ನನ್ನ ಪೂರ್ಣ ಗೌರವವಿದೆ. ಅವರ ಬೆನ್ನ ಹಿಂದಿನ ಸಾಲು ನೋಡಿದರೆ ಮಾತ್ರ ಸಂಕಟವಾಗುತ್ತದೆ. ಫಿಫಾ ಮಾನ್ಯತೆಯ ಲೆಕ್ಕದಲ್ಲಿ ನೂರು ದಾಟಿದ ಮತ್ತೊಬ್ಬ ಭಾರತೀಯ ಪುರುಷ ಇಲ್ಲ. ಮಹಿಳೆಯರಲ್ಲಿ ಆಶಾಲತಾ ದೇವಿ ನೂರು ಮುಟ್ಟಿದ್ದು 2024ರಲ್ಲಿ. ಚೆಟ್ರಿಯದು ಬಯಲಿನಲ್ಲಿ ಒಂಟಿಯಾಗಿ ನಿಂತ ಆಲದ ಮರ, ಜಪಾನಿನದು ತೋಪು.

ಲೆಕ್ಕ ಇಡುವ ಕ್ರಮದಲ್ಲೂ ಇದೇ ಅಂತರ. ಜಪಾನ್ ಫುಟ್‌ಬಾಲ್ ಸಂಸ್ಥೆ 1921ರಲ್ಲಿ ಹುಟ್ಟಿತು. ಅದಕ್ಕೂ ಮೊದಲಿನ 2–15ರ ಸೋಲನ್ನು ಕೂಡ ಅದು ಅಧಿಕೃತ ಪಟ್ಟಿಯಲ್ಲಿ ಉಳಿಸಿಕೊಂಡಿದೆ. ನಮ್ಮಲ್ಲಿ 2009ರ ನೆಹರೂ ಕಪ್ ಹೊತ್ತಿಗೆ ಬೈಚುಂಗ್ ಭುಟಿಯಾ ಅವರ ನೂರನೇ ಪಂದ್ಯವನ್ನು ಸಂಭ್ರಮದಿಂದ ಆಚರಿಸಲಾಯಿತು. ಆಮೇಲಿನ ಅಧಿಕೃತ ಎಣಿಕೆಯಲ್ಲಿ ಅವರ ಪಂದ್ಯಗಳು ನೂರಕ್ಕಿಂತ ಸಾಕಷ್ಟು ಕೆಳಗೆ ಇಳಿದವು. ತಪ್ಪು ಭುಟಿಯಾ ಅವರದಲ್ಲ. ಯಾವ ಪಂದ್ಯ ಮಾನ್ಯ, ಯಾವುದು ಅಲ್ಲ ಎಂದು ಆಡುವಾಗಲೇ ತೀರ್ಮಾನಿಸಿ ಬರೆದಿಟ್ಟಿದ್ದರೆ ಒಬ್ಬ ದೊಡ್ಡ ಆಟಗಾರನಿಗೆ ಆ ಮುಜುಗರ ಬರುತ್ತಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅವರು, ಕೆಂಪಯ್ಯ, ಆ ಕಾಲದ ಇನ್ನಿತರ ಬೆಂಗಳೂರಿಗರು ದೇಶದ ಪರ ಆಡಿದ ಒಂದೊಂದು ಪಂದ್ಯವನ್ನೂ ದಿನಾಂಕ, ಎದುರಾಳಿ, ಆಡಿದ ನಿಮಿಷಗಳ ಸಮೇತ ಪ್ರಕಟಿಸುವುದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೆ ಅಸಾಧ್ಯದ ಕೆಲಸವಲ್ಲ. ಹಳೆಯ ಪತ್ರಿಕೆಗಳು ಗ್ರಂಥಾಲಯಗಳಲ್ಲಿವೆ. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯೂ ತನ್ನ ಪಾಲಿನ ಹೆಸರುಗಳಿಂದ ಈ ಕೆಲಸ ಶುರು ಮಾಡಬಹುದು.

2006ರ ಅಕ್ಟೋಬರ್ 11ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಅರ್ಹತಾ ಪಂದ್ಯದಲ್ಲಿ ಜಪಾನ್ ಭಾರತವನ್ನು 3–0ರಿಂದ ಸೋಲಿಸಿತು. ಆ ಸಂಜೆ ಮೂರನೇ ಗೋಲು ಹೊಡೆದ ಕೆಂಗೊ ನಕಾಮುರಾ ಒಟ್ಟು 68 ಪಂದ್ಯಗಳಿಗೆ ನಿವೃತ್ತರಾದರು; ಅಂಥವರಿಗೆ ಜಪಾನ್ ಪಟ್ಟಿಯ ಮೊದಲ ಹತ್ತರಲ್ಲಿ ಜಾಗವಿಲ್ಲ. ಮುಂದೆ ಜಪಾನ್‌ನಲ್ಲೂ 150ರ ಸಂಖ್ಯೆಗಳು ಅಪರೂಪವಾಗಬಹುದು. ಈಗ ತಂಡದ ಬಹುತೇಕರು ಯುರೋಪಿನಲ್ಲಿದ್ದಾರೆ, ಒಂದೊಂದು ಸ್ಥಾನಕ್ಕೆ ಮೂವರು ಸಮಬಲದವರಿದ್ದಾರೆ. ತರಬೇತುದಾರ ಹಜಿಮೆ ಮೊರಿಯಾಸು ಆಟಗಾರರನ್ನು ಸರದಿಯಲ್ಲಿ ಇಳಿಸುತ್ತಾರೆ. ಪೂರ್ವ ಏಷ್ಯಾ ಕೂಟಕ್ಕೆ ಜೆ ಲೀಗ್ ಆಟಗಾರರದೇ ಬೇರೆ ತಂಡ. ನಾಲ್ಕು ವಿಶ್ವಕಪ್ ಆಡಿರುವ ನಗಾಟೊಮೊ, ಕತಾರ್ ವಿಶ್ವಕಪ್‌ನಲ್ಲಿ 142 ಮುಗಿಸಿದ ಮೇಲೆ 2024ರಲ್ಲಿ ತಂಡಕ್ಕೆ ಮರಳಿದರೂ ಒಂದು ವರ್ಷಕ್ಕೂ ಹೆಚ್ಚು ಬೆಂಚಿನಲ್ಲೇ ಕುಳಿತು, ಮುಂದಿನ ಪಂದ್ಯ ಆಡಿದ್ದು 2025ರ ಜುಲೈನಲ್ಲಿ ಚೀನಾ ವಿರುದ್ಧ, ಅದೇ ಪೂರ್ವ ಏಷ್ಯಾ ಕೂಟದಲ್ಲಿ. ಎಂಡೊ ದಾಖಲೆ ಇನ್ನೂ ಹಲವು ವರ್ಷ ಉಳಿದರೆ ಅದಕ್ಕೆ ಕಾರಣ ಜಪಾನಿನಲ್ಲಿ ಆಡಬಲ್ಲವರ ಸಂಖ್ಯೆ ಹೆಚ್ಚಿದ್ದು. ಚೆಟ್ರಿ ದಾಖಲೆ ಉಳಿಯುವುದಕ್ಕೆ ಅದೇ ಕಾರಣವನ್ನು ಕೊಡುವ ಸ್ಥಿತಿಯಲ್ಲಿ ನಾವು ಇಂದು ಇಲ್ಲ.